ಹಗ್ಗ ಹಿಡಿದವನ ಹೊಣೆ

ಹತ್ತಿಗಿರಣಿಯ ಹಿಂದಿನ ಬಯಲು,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನೀನು, ನಿನ್ನ ಹೆಂಡತಿ, ಮಗಳು, ಹೊಸದಾಗಿ ಬಂದಿರುವ ಪುಟ್ಟ ಜೀವ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾನು ಎದ್ದು ಓಡಾಡುವಷ್ಟು ಚೆನ್ನಾಗಿದ್ದೇನೆ. ನಿನ್ನ ಕಾರ್ಡು ಬಂದು ಐದು ವಾರವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದುಹೋಗಿ ಏನನ್ನೋ ಮಡಚಿಟ್ಟೆ. ಈಗ ಮಡಚುವುದಕ್ಕೂ ಏನೂ ಉಳಿದಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಭಾವ ಹೋಗಿ ಇಂದಿಗೆ ಎಪ್ಪತ್ತೊಂದು ದಿನ. ಊರುಗೋಲನ್ನು ಇನ್ನೂ ಮಂಚದ ಪಕ್ಕದಲ್ಲೇ ಇಟ್ಟಿದ್ದೇನೆ. ಬೆಳಿಗ್ಗೆ ಅದು ಕಾಲಿಗೆ ತಗುಲಿ ಬೀಳುತ್ತದೆ, ಮತ್ತೆ ಅಲ್ಲೇ ನಿಲ್ಲಿಸುತ್ತೇನೆ. ನಿನ್ನ ಕಾರ್ಡಿನಲ್ಲಿ ಎರಡೇ ಸಾಲು: “ಭಾವನ ಸುದ್ದಿ ತಿಳಿಯಿತು. ಬರಲು ಮುಖವಿಲ್ಲ.” ಅದರ ಕೆಳಗೆ ನಿನ್ನ ಹೆಂಡತಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದದ್ದನ್ನು ನೀನು ನೋಡಿದ್ದೀಯೋ ಇಲ್ಲವೋ. “ಅತ್ತಿಗೆ, ಮೊಮ್ಮಗಳು ಹುಟ್ಟಿ ಮೂರು ತಿಂಗಳಾಯ್ತು. ಇವರು ಒಂದು ಸಲಾನೂ ಎತ್ಕೊಂಡಿಲ್ಲ. ನನ್ನ ಕೈಗೆ ಕೊಡಬೇಡ ಅಂತಾರೆ. ಮಗಳನ್ನೂ ಹೀಗೇ ದೂರದಿಂದ ನೋಡಿ ಬೆಳೆಸಿದ್ರು.” ನಾನು ಎದ್ದೆದ್ದು ಹೋದದ್ದು ಆ ಸಾಲುಗಳಿಗೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಮ್ಮ ಸರ್ಕಸ್ ಕಂಪನಿ ಮುಗಿಯಿತು. ಕಳೆದ ತಿಂಗಳು ಕೊನೆಯ ಆಟ. ನೋಡಲು ಬಂದವರು ನಲವತ್ತು ಮಂದಿ ಇದ್ದರೇನೋ, ಅದರಲ್ಲಿ ಅರ್ಧ ಗಿರಣಿಯ ಕೆಲಸಗಾರರು, ಪಾಳಿ ಮುಗಿಸಿ ನೆರಳಿಗೆ ಬಂದವರು. ಪ್ರಾಣಿಗಳು ಹೋಗಿ ಎಷ್ಟೋ ಕಾಲವಾಯಿತಲ್ಲ, ಆಮೇಲೆ ಹಾರುವವರೂ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದದ್ದು ತಂತಿಯ ಮೇಲೆ ನಡೆಯುವ ಇಬ್ಬರು ಅಕ್ಕತಂಗಿಯರು, ಸೈಕಲ್ಲಿನವನು, ಅಡಿಗೆಯವಳು, ನಾನು, ಮತ್ತೆ ಕೋಡಂಗಿ ವೇಷದ ನಮ್ಮ ಬುರುಡೆ ಚಿಕ್ಕಪ್ಪ. ಚಿಕ್ಕಪ್ಪನಿಗೆ ಎಂಬತ್ತೆರಡು. ಈಗಲೂ ಮುಖಕ್ಕೆ ಬಿಳಿ ಬಳಿದುಕೊಂಡೇ ಕಾಫಿ ಕುಡಿಯುತ್ತಾನೆ. “ಬಳ್ಕೊಳ್ದಿದ್ರೆ ಯಾರೋ ಮುದುಕ ನನ್ನ ಲೋಟದಲ್ಲಿ ಕುಡೀತಿದ್ದಾನೆ ಅನ್ಸುತ್ತೆ ಕಣೇ,” ಎನ್ನುತ್ತಾನೆ. ನಡುಗಂಬವನ್ನು ಮೊನ್ನೆ ಮಲಗಿಸಿದರು. ಅದು ನಿಂತಿದ್ದ ಗುಂಡಿಯಲ್ಲಿ ಅಡಿಗೆಯವಳು ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದಾಳೆ.

ಇಷ್ಟೆಲ್ಲದರ ನಡುವೆ ಒಬ್ಬ ಮೇಷ್ಟ್ರು ಬರುತ್ತಿದ್ದಾರೆ. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವರು, ಒಳ್ಳೆಯ ಮನುಷ್ಯ. ಇಂಥ ಸಂಸಾರದ ಸರ್ಕಸ್ಸುಗಳ ಕಥೆಯನ್ನು ಪುಸ್ತಕ ಮಾಡುತ್ತಾರಂತೆ. ಟ್ರಂಕಿನ ಮೇಲೆ ಪುಟ್ಟ ಯಂತ್ರ ಇಟ್ಟು ಒಂದೊಂದೇ ಕೇಳುತ್ತಾರೆ, ನಾನು ಹೇಳುತ್ತೇನೆ. ಹೇಳುತ್ತಾ ಹೋದ ಹಾಗೆ, ಇಷ್ಟೊಂದು ನನಗೆ ನೆನಪಿತ್ತೇ ಅನ್ನಿಸುತ್ತದೆ.

ತಾತ ಬಾವಿ ತೋಡುವವನಾಗಿದ್ದದ್ದನ್ನು ಹೇಳಿದೆ. ಅವನು ಹಗ್ಗ ಹಿಡಿದು ಬಾವಿಗೆ ಇಳಿಯುವ ರೀತಿ ನೋಡಲು ಜನ ಸೇರುತ್ತಿದ್ದರಂತೆ. ನೀರು ಬಂದ ದಿನ ಯಾರೂ ಬರುತ್ತಿರಲಿಲ್ಲವಂತೆ. ಹಾಗಾದರೆ ಬಾವಿ ಯಾಕೆ, ಹಗ್ಗವೊಂದೇ ಸಾಕು ಎಂದು ಎರಡು ಮರಗಳ ನಡುವೆ ಕಟ್ಟಿಬಿಟ್ಟ. ಚಿಕ್ಕಪ್ಪ ಮಧ್ಯೆ ಬಾಯಿ ಹಾಕಿದ: “ನಮ್ಮಪ್ಪ ಬಾವಿಯೊಳಗಿಂದ ಮೊಸಳೆ ಎತ್ತಿದ್ದು ಬರ್ಕೊಳ್ಳಿ ಮೇಷ್ಟ್ರೇ.”

“ಬಾವೀಲಿ ಮೊಸಳೆನಾ?”

“ಮೊದಲು ಹಲ್ಲಿ ಇತ್ತು. ಹೇಳ್ತಾ ಹೇಳ್ತಾ ಬೆಳೀತು.”

ಅಜ್ಜಿ ಹಿಟ್ಟಿನ ಚೀಲ ಬಿಚ್ಚಿ ಮೊದಲ ಡೇರೆ ಹೊಲಿದದ್ದು, ಮಳೆ ಬಂದಾಗ ಅದು ಅಂಟಂಟಾಗಿ ಎಲ್ಲರ ತಲೆಯ ಮೇಲೆ ಇಳಿದದ್ದು, ಅಪ್ಪ ಎಂಟು ವರ್ಷಕ್ಕೇ ತೂಗುಯ್ಯಾಲೆ ಹಿಡಿದದ್ದು ಎಲ್ಲ ಹೇಳಿದೆ. ತಾತ ಹಾಕಿದ ಎರಡು ಕಟ್ಟಳೆಗಳನ್ನೂ ಹೇಳಿದೆ. ಮೊದಲನೆಯದು ಬಾವಿ ಕೆಲಸದಿಂದ ತಂದದ್ದು. ಮೇಲೆ ನಿಂತು ಹಗ್ಗ ಹಿಡಿದವನೇ ಕೆಳಗಿನವನ ಜೀವಕ್ಕೆ ಹೊಣೆ. ಏನೇ ಆದರೂ ಅವನನ್ನೇ ಕೇಳಬೇಕು, ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ನಮ್ಮಲ್ಲಿ ಅದು ಹಿಡಿಯುವವನ ಹೊಣೆ ಎಂದಾಯಿತು. ಇನ್ನೊಂದು, ಒಮ್ಮೆ ಏಣಿ ಹತ್ತಿದವನು ಆಟ ಮುಗಿಸಿ ಬಲೆಗೆ ಹಾರಿಯೇ ಇಳಿಯಬೇಕು, ಏಣಿಯಲ್ಲಿ ವಾಪಸು ಬರಬಾರದು. ಬಂದರೆ ಕಾರಣ ಹೇಳಬೇಕು, ಅದೂ ಎಲ್ಲರ ಎದುರಿಗೆ. ಮೇಷ್ಟ್ರು ಎರಡಕ್ಕೂ ಕೆಳಗೆ ಗೆರೆ ಎಳೆದುಕೊಂಡರು.

“ನೀವು ಏನು ಆಟ ಆಡ್ತಿದ್ರಿ ಅಮ್ಮ?” ಎಂದು ಕೇಳಿದರು. ನನಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ, ಮಣಿಕಟ್ಟಿನ ಪಟ್ಟಿಗಳ ಕೆಲಸ ಮಾತ್ರ ನನ್ನದು ಎಂದೆ. ಅದನ್ನೂ ವಿವರವಾಗಿ ಕೇಳಿದರು. ಹಾರುವವರಿಗೂ ಹಿಡಿಯುವವರಿಗೂ ದಿನಾ ಬಟ್ಟೆಯ ಪಟ್ಟಿ ಸುತ್ತುವುದು, ಬಿಚ್ಚುವುದು, ಬರೀ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕುವುದು, ಒಣಗಿದ ಮೇಲೆ ರಾಳದ ಪುಡಿ ತಿಕ್ಕಿ ಒರಟು ಮಾಡುವುದು. ಅಷ್ಟೇ ನನ್ನ ಸರ್ಕಸ್ಸು.

ಆಮೇಲೆ ಇಪ್ಪತ್ತನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನಕ್ಕೆ ಬಂದರು. ನನ್ನ ದಿನಚರಿ ತೋರಿಸಿ ಎಂದರು. ತೆಗೆದು ಕೊಟ್ಟೆ. ಆ ದಿನ ಆಟಕ್ಕೆ ಮುಂಚೆ ಬರೆದದ್ದು ಒಂದೇ ಸಾಲು: “ಬಿಸಿಲು ಚೆನ್ನಾಗಿದೆ, ಒಗೆದದ್ದೆಲ್ಲ ಬೇಗ ಒಣಗಿತು.” ಆಮೇಲೆ ಹನ್ನೊಂದು ಪುಟ ಖಾಲಿ. “ಆಮೇಲೆ?” ಎಂದರು. ಎಲ್ಲರೂ ಯಾವಾಗಲೂ ಹೇಳುವುದನ್ನೇ ನಾನೂ ಹೇಳಿದೆ. ನಿನ್ನ ಭಾವ ಹಾರಿದರು, ನೀನು ಹಿಡಿದೆ, ಜಾರಿತು, ಅವರು ಬಲೆಯ ಅಂಚಿಗೆ ಬಡಿದು ಆಚೆ ಬಿದ್ದರು, ಸೊಂಟ ಮುರಿಯಿತು. ಅಪ್ಪ ಕಟ್ಟಳೆಯ ಪ್ರಕಾರ ನಿನ್ನೊಬ್ಬನನ್ನೇ ನಿಲ್ಲಿಸಿ ಕೇಳಿದರು. ನೀನು “ನನ್ನ ಕೈ ಅಪ್ಪ” ಎಂದೆ. ಅಷ್ಟೇ ಅಂದೆ. ವಾರದೊಳಗೆ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಹೊರಟೆ. ಈಗ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತೀಯಂತೆ. ಅದನ್ನು ಕೇಳಿ ಭಾವ ನಕ್ಕಿದ್ದರು. “ನೋಡು, ಜನಾನ ಮೇಲೆ ಕೆಳಗೆ ಮಾಡೋದು ಬಿಡ್ಲಿಲ್ಲ ಅವನು,” ಎಂದರು. ಅವರಿಗೆ ನಿನ್ನ ಮೇಲೆ ಒಂದು ದಿನವೂ ಸಿಟ್ಟಿರಲಿಲ್ಲ ತಮ್ಮಾ. ಯಾಕೆ ಇರಲಿಲ್ಲ ಎಂದು ನಾನು ಕೇಳಿರಲಿಲ್ಲ.

ಕಳೆದ ಗುರುವಾರ ಮೇಷ್ಟ್ರು ಬರೆದುದನ್ನು ತಂದು ಓದಿದರು. ಚೆನ್ನಾಗಿ ಬರೆದಿದ್ದಾರೆ. ಅಜ್ಜಿಯ ಡೇರೆಯ ಭಾಗ ಕೇಳಿ ಅಡಿಗೆಯವಳು ಕಣ್ಣೊರೆಸಿಕೊಂಡಳು. ಕೊನೆಗೆ ಹೀಗಿತ್ತು: “ಮಾಲೀಕರ ಮಗನ ಕೈ ಜಾರಿ ಅಳಿಯ ಕೆಳಗೆ ಬಿದ್ದರು. ಈ ಮನೆತನದ ಕಂಪನಿಯ ಇಳಿಗಾಲ ಅಂದಿನಿಂದ ಆರಂಭವಾಯಿತು.” ಓದಿ, “ಸರಿ ಇದೆಯಾ ಅಮ್ಮ? ಇದ್ರೆ ಇಲ್ಲೊಂದು ಸಹಿ ಹಾಕಿ, ಅಚ್ಚಿಗೆ ಹೋಗುತ್ತೆ,” ಎಂದರು.

ನಾನು, “ಕನ್ನಡಕ ಸಿಗ್ತಿಲ್ಲ, ಬರೋ ಗುರುವಾರ ಬನ್ನಿ,” ಎಂದೆ.

ಅವರು ಹೋದ ಮೇಲೆ ಚಿಕ್ಕಪ್ಪ, “ಕನ್ನಡಕ ಮೂಗಿನ ಮೇಲಿದೆ,” ಎಂದ.

ಮೇಷ್ಟ್ರು ಬಿಟ್ಟುಹೋದ ಆ ಕಾಗದ ಈಗ ನನ್ನ ಮುಂದಿದೆ. ಡೇರೆ ಬಿಚ್ಚಿದ ಮೇಲೆ ನಮ್ಮ ಮನೆತನದ್ದೆಂದು ಉಳಿಯುವುದು ಇದೊಂದೇ. ಅದರಲ್ಲಿ ಆ ಸಾಲು ಇರುತ್ತದೆ. ನಿನ್ನ ಮೊಮ್ಮಗಳು ಒಂದು ದಿನ ಓದುತ್ತಾಳೆ. ಬರುವ ಗುರುವಾರ ನಾನು ಸಹಿ ಹಾಕಬೇಕು. ಈ ಕಾಗದ ನಿನಗೆ ಅದಕ್ಕೆ ಮುಂಚೆ ಸೇರಲಿ ಎಂದು ಇವತ್ತೇ ಕೂತೆ.

ಅಡಿಗೆಯವಳು ತನ್ನ ಮಗಳ ಮನೆಗೆ ನನ್ನನ್ನೂ ಕರೆಯುತ್ತಿದ್ದಾಳೆ. ಚಿಕ್ಕಪ್ಪನನ್ನು ಬಿಟ್ಟು ಹೋಗುವುದಿಲ್ಲ ಎಂದೆ, ಅವನೂ ಬರಲಿ ಎಂದಳು. ಹೋಗುತ್ತೇವೇನೋ. ಸಾಕಾಗಿದೆ ತಮ್ಮಾ. ಎಲ್ಲಾದರೂ ಮೊಳೆ ಹೊಡೆದ ಗೋಡೆಗೆ ಒರಗಿ ಕೂರಬೇಕು ಅನ್ನಿಸುತ್ತದೆ.

ನಿನ್ನ ಹೆಂಡತಿಗೆ, ಮಗಳಿಗೆ, ಅಳಿಯನಿಗೆ ನನ್ನ ಹಾರೈಕೆ. ಪುಟ್ಟವಳ ನೆತ್ತಿಗೆ ನನ್ನದೊಂದು ಮುತ್ತು. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ.

ಆ ದಿನ ಪತ್ರಿಕೆಯ ಫೋಟೋದವರು ಬರುವವರಿದ್ದರು, ನೆನಪಿದೆಯಾ? ಪಟ್ಟಿಗಳು ರಾಳ, ಬೆವರು ಸೇರಿ ಕಪ್ಪಗಾಗಿದ್ದವು. ನನ್ನ ಗಂಡನ ಕೈ, ನನ್ನ ತಮ್ಮನ ಕೈ ಪತ್ರಿಕೆಯಲ್ಲಿ ಬೆಳ್ಳಗೆ ಕಾಣಲಿ ಎಂದು ನಾನು ಸೋಪು ಹಾಕಿ ಒಗೆದೆ. ಬರೀ ನೀರು ಎಂದು ಅಜ್ಜಿ ಎಷ್ಟು ಸಲ ಹೇಳಿದ್ದಳು. ಸರಿಯಾಗಿ ಜಾಲಿಸಿದರೆ ಏನಾಗುತ್ತದೆ ಅಂದುಕೊಂಡೆ. ಕೈ ಬೆವೆತ ತಕ್ಷಣ ಒಳಗೆ ಉಳಿದಿದ್ದ ಸೋಪು ಮೇಲೆ ಬಂತು. ಅವರನ್ನು ಎತ್ತಿಕೊಂಡು ಹೋಗುವ ಗಲಾಟೆಯಲ್ಲಿ ನಾಲ್ಕೂ ಪಟ್ಟಿಗಳನ್ನು ಒಟ್ಟುಮಾಡಿ ಒಲೆಗೆ ಹಾಕಿದೆ. ಅಪ್ಪ ನಿನ್ನನ್ನು ಕೇಳುವಾಗ ನಾನು ಅಲ್ಲೇ, ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಹಗ್ಗ ಮಾಡಿದವರನ್ನು ಕೇಳುವ ಕಟ್ಟಳೆ ನಮ್ಮಲ್ಲಿ ಇರಲಿಲ್ಲ.

ಭಾವ ಹೋಗುವ ಹತ್ತು ದಿನ ಮುಂಚೆ ಗಡ್ಡ ಮಾಡುತ್ತಿದ್ದೆ. ಕೆನ್ನೆಗೆ ನೊರೆ ಹಚ್ಚಿದಾಗ, “ಅವತ್ತಿಂದೂ ಒಳ್ಳೇ ಸೋಪು,” ಎಂದರು. ಯಾವತ್ತು ಎಂದೆ. “ಮೇಲೆ ಕೂತಾಗ ಪಟ್ಟಿಯಿಂದ ಘಮ್ಮಂತ ಬಂತು.” ಗೊತ್ತಿದ್ದೂ ಯಾಕೆ ಹಾರಿದಿರಿ ಎಂದು ಕೇಳಿದೆ. “ಏಣಿ ಇಳಿದು ಬಂದಿದ್ರೆ ಮಾವ ಎಲ್ಲರ ಮುಂದೆ ಕಾರಣ ಕೇಳ್ತಿದ್ರು. ನಿನ್ನ ಹೆಸರು ಹೇಳ್ಬೇಕಾಗ್ತಿತ್ತು. ಹಿಡೀತಾನೆ ಬಿಡು, ಅವನ ಕೈ ಅಂಥದ್ದು ಅಂದ್ಕೊಂಡೆ.” ಇನ್ನೊಂದು ಕೆನ್ನೆ ತಿರುಗಿಸಿ, “ಹಿಡಿದೇ ಹಿಡಿದ ಕಣೇ. ಅವನು ಬಿಡ್ಲಿಲ್ಲ. ಪಟ್ಟಿ ಅವನ ಕೈಯಲ್ಲೇ ಉಳೀತು, ನಾನು ಅದರೊಳಗಿಂದ ಜಾರಿದೆ,” ಎಂದರು.

ಗುರುವಾರ ಮೇಷ್ಟ್ರಿಗೆ ಆ ಸಾಲು ಹೊಡೆದುಹಾಕಿ ಇದನ್ನು ಬರೆಸುತ್ತೇನೆ, ಆಮೇಲೆ ಸಹಿ ಹಾಕುತ್ತೇನೆ. ಬೇಡ ಅಕ್ಕ, ಬಿಡು ಎಂದು ನೀನು ಬರೆದರೂ ಕೇಳುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳಲು ನನಗೂ ಮುಖವಿಲ್ಲ.

ಈ ಕಾಗದವನ್ನು ಪಕ್ಕಕ್ಕೆ ಇಡು. ಮಗುವನ್ನು ಎತ್ತಿಕೋ.