ಹುಲ್ಲಿನ ಕೋಣೆಗೆ ಬೆಂಕಿ ಹಚ್ಚಿದ ದಿನ

ಪ್ರೀತಿಯ ಅಣ್ಣನಿಗೆ,

ಈ ಕಾಗದವನ್ನು ಮೊದಲು ಜೈಲಿನವರು ಬಿಚ್ಚಿ ಓದುತ್ತಾರಂತೆ. ಓದಲಿ. ನಾಡಿದ್ದು ಕೋರ್ಟಿನಲ್ಲಿ ಎಲ್ಲರೆದುರು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಟಕಟೆಯಲ್ಲಿ ನಿಂತ ನನ್ನ ಬಾಯಿಂದ ಅದನ್ನು ಮೊದಲ ಸಲ ಕೇಳಿ ನೀನು ಬೆಚ್ಚಿಬೀಳಬಾರದು, ಅಷ್ಟಕ್ಕೇ ಈ ಕಾಗದ.

ಹೋದ ವಾರ ಜಾಲರಿಯ ಆಚೆ ಕೂತು ನೀನು ಒಂದೇ ಒಂದು ಮಾತು ಕೇಳಿದೆ. ಊಟ ಮಾಡ್ತಿದೀಯಾ ಅಂತಿಲ್ಲ, ಅಮ್ಮ ಹೇಗಿದಾಳೆ ಅಂತಿಲ್ಲ. "ಅವನನ್ನ ಯಾಕೆ ಹೊರಗೆ ಎಳೆದೆ?" ಅಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಕಾವಲಿನವನು ಟೈಮಾಯಿತು ಅಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅಲ್ಲೇ ನಿನಗೆ ಬೈದು ಬರುತ್ತಿದ್ದೆ. ಈಗ ಕೂತು ಸಮಾಧಾನವಾಗಿ ಬೈಯುತ್ತೇನೆ, ಕೇಳು.

ನಾವು ದುಡಿದ ಗಾಜಿನ ತೋಟ ಹಾಗೇ ಇದೆ, ಒಂದೊಂದು ಕೋಣೆಯಲ್ಲಿ ಭೂಮಿಯ ಒಂದೊಂದು ಸೀಮೆಯ ಗಿಡ. ಟಿಕೆಟ್ ತೆಗೆದುಕೊಂಡ ಜನ ಅರ್ಧ ದಿನದಲ್ಲಿ ಭೂಮಿ ಸುತ್ತಿ ಬಂದು ಗೇಟಿನ ಬಳಿ ಐಸ್‌ಕ್ರೀಮ್ ತಿನ್ನುತ್ತಾರೆ. ಮಳೆಕಾಡಿನ ಕೋಣೆಗೆ ಹೊಕ್ಕ ತಕ್ಷಣ ಎಲ್ಲರ ಕನ್ನಡಕಕ್ಕೂ ಮಂಜು ಹಿಡಿಯುತ್ತದೆ. ಅಲ್ಲಿಯ ನಿನ್ನ ಮೆಚ್ಚಿನ ಅತ್ತಿಮರದ ಮುಂದೆ ಹೊಸದಾಗಿ ಮದುವೆಯಾದವರು ಇನ್ನೂ ಫೋಟೋ ತೆಗೆಸಿಕೊಳ್ಳುತ್ತಾರೆ. ಹಕ್ಕಿಯ ಹಿಕ್ಕೆಯಲ್ಲಿ ಬಂದು ಬೇರೊಂದು ಮರದ ಕವಲಲ್ಲಿ ಮೊಳೆತು, ಬೇರುಗಳನ್ನು ಕೆಳಕ್ಕಿಳಿಸಿ, ಆ ಮರವನ್ನು ಸುತ್ತಲೂ ತಬ್ಬಿ ತಬ್ಬಿ ಉಸಿರು ಕಟ್ಟಿಸಿದ ಮರ ಅದು. ಒಳಗಿನ ಮರ ಸತ್ತು ಲಡ್ಡಾಗಿ ಉದುರಿ ಈಗ ಬರೀ ಟೊಳ್ಳು ಉಳಿದಿದೆ. "ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ನೋಡ್ರೀ" ಅಂತ ಆ ಹೆಣ್ಣುಮಕ್ಕಳು ಗಂಡಂದಿರ ತೋಳಿಗೆ ಒರಗಿ ನಗುತ್ತಾರೆ. ಹಿಂದೆ ನಾವಿಬ್ಬರೂ ಇದನ್ನು ನೋಡಿ ಕಣ್ಣು ಹೊಡೆದುಕೊಳ್ಳುತ್ತಿದ್ದೆವು. ಈಗ ನಾನು ಆ ಕಡೆ ಹೋಗುವುದಿಲ್ಲ.

ಮರಳಿನ ಕೋಣೆ ನನ್ನದು, ಗೊತ್ತಲ್ಲ. ಅಲ್ಲಿ ಗಿಡಗಳು ಒಂದಕ್ಕೊಂದು ದೂರ ದೂರ ನಿಲ್ಲುತ್ತವೆ. ನೋಡಿದವರು ಮಾಲಿ ಅಳತೆ ಹಿಡಿದು ನೆಟ್ಟಿದ್ದಾನೆ ಅಂದುಕೊಳ್ಳುತ್ತಾರೆ. ಬೇರಿಗೆ ಸಿಗುವ ಗುಟುಕು ನೀರಿಗಾಗಿ ನೆಲದಡಿಯಲ್ಲಿ ನಡೆಯುವ ಹೊಡೆದಾಟ ಅದು. ಕೆಲವು ಪೊದೆಗಳಂತೂ ಪಕ್ಕದಲ್ಲಿ ಇನ್ನೊಂದು ಮೊಳೆಯದಂತೆ ನೆಲಕ್ಕೆ ವಿಷ ಬಿಡುತ್ತವೆ. ಆ ಕೋಣೆಯಲ್ಲೇ ನನ್ನ ಗಂಡ, ಕೋಣೆಗಳಿಗೆಲ್ಲ ಬಿಸಿ ಹಬೆ ಬಿಡುವ ನಮ್ಮ ಬಾಯ್ಲರಿನ ಯಜಮಾನ, ಹಗಲು ಹೊತ್ತಿನಲ್ಲಿ, ಟಿಫಿನ್ ಡಬ್ಬಿಯಲ್ಲಿ ಉಪ್ಪು ಕಮ್ಮಿಯಾಗಿದೆ ಅಂತ ನನ್ನ ಕುತ್ತಿಗೆಗೆ ಕೈ ಹಾಕಿ ಕಳ್ಳಿಯ ಪಾತಿಗೆ ನೂಕಿದ. ಹಿಮ್ಮುಖವಾಗಿ ಬಿದ್ದೆ. ಕೂಗಿದರೆ ಶಾಲೆಯ ಮಕ್ಕಳು ಓಡಿಬರುತ್ತಾರೆ ಅಂತ ಸೆರಗು ಕಚ್ಚಿಕೊಂಡೆ. ಅವನು ಚಪ್ಪಲಿ ಕಾಲನ್ನು ನನ್ನ ಎದೆಯ ಮೇಲಿಟ್ಟು ಇನ್ನೊಂದು ಸಲ ಒತ್ತಿ, ಕೈ ಒರೆಸಿಕೊಂಡು ಹೋದ.

ಬೀಜದ ಕೋಣೆಯಲ್ಲಿ ನನ್ನನ್ನು ಬೋರಲು ಮಲಗಿಸಿ ಚಿಮಟಿಗೆಯಿಂದ ಬೆನ್ನಿನ ಮುಳ್ಳು ಕಿತ್ತವನು ನೀನು. ಒಂದೊಂದು ಮುಳ್ಳಿಗೂ ರಕ್ತ ಒರೆಸುತ್ತಿದ್ದೆ, ಒಂದೊಂದು ಮುಳ್ಳಿಗೂ ನಿನ್ನ ಉಸಿರು ಬಿಸಿಯಾಗುತ್ತಿತ್ತು. ನೀನು ಅವನ ಹೆಸರೆತ್ತಲಿಲ್ಲ. ಬದಲಿಗೆ ಕುರುಚಲು ಕಾಡಿನ ಮಾತು ತೆಗೆದೆ. ಬಿಸಿಲು ಕಾಲದಲ್ಲಿ ಹನಿ ಮಳೆಯಿಲ್ಲದ ಕಡಲತಡಿಯ ಗುಡ್ಡಗಳು, ಎಲೆಯಲ್ಲಿ ಎಣ್ಣೆ ತುಂಬಿಕೊಂಡು ಕಿಡಿಗಾಗಿ ಕಾಯುವ ಪೊದೆಗಳು. "ಕೆಲವು ಬೀಜಕ್ಕೆ ಬೆಂಕಿ ಬೇಕೇ ಬೇಕು ಕಣೆ. ಸುತ್ತಲಿನದೆಲ್ಲ ಸುಟ್ಟು ಹೋಗೋವರೆಗೂ ಅದು ಬಾಯಿ ಬಿಡಲ್ಲ" ಅಂದೆ. ನೋವಿನಲ್ಲಿ ನನಗೆ ನಿನ್ನ ಪಾಠ ಬೇಕಿರಲಿಲ್ಲ, ಹೂಂ ಅಂದುಬಿಟ್ಟೆ. ನೀನು ಅದನ್ನು ನನ್ನ ಒಪ್ಪಿಗೆ ಅಂದುಕೊಂಡೆಯೋ ಏನೋ.

ಅಮ್ಮನದು ಇನ್ನೊಂದು ಪಾಠ. ಅವಳು ಒಮ್ಮೆ ತೋಟಕ್ಕೆ ಬಂದವಳು ಚಳಿಕೋಣೆಯ ಕುಳ್ಳ ಮರವನ್ನು ನೋಡಿ ಮೆಚ್ಚಿಕೊಂಡಳು. ಧ್ರುವದ ಹತ್ತಿರದ ಬಯಲಿನದು, ಕೆಳಗೆ ಸದಾ ಹೆಪ್ಪುಗಟ್ಟಿದ ನೆಲ, ಮೇಲೆ ಚರ್ಮ ಸುಲಿಯುವ ಗಾಳಿ. ಹಾಗಾಗಿ ಮರವಾದರೂ ಪಾಚಿಯ ಜೊತೆ ನೆಲಕ್ಕಂಟಿಕೊಂಡು ತೆವಳುತ್ತದೆ. "ನೋಡು, ಎಷ್ಟು ತಗ್ಗಿ ನಡೆಯತ್ತೆ, ಅದಕ್ಕೇ ಉಳ್ಕೊಂಡಿದೆ" ಅಂದಳು ನನ್ನ ಮುಖ ನೋಡಿ. ನೀವಿಬ್ಬರೂ ಸೇರಿ ನನ್ನನ್ನು ಯಾವುದೋ ಒಂದು ಗಿಡ ಮಾಡಿಬಿಟ್ಟಿರಿ. ಆ ಮರ ತೆವಳುವುದು ಅದಕ್ಕೆ ಎದ್ದು ಹೋಗಲು ಬಾರದು ಎಂಬ ಕಾರಣಕ್ಕೆ. ನನಗೆ ಎರಡು ಕಾಲಿವೆ ಅಣ್ಣಾ.

ಆ ಕಾಲುಗಳು ಹೊರಟಿದ್ದವು ಕೂಡ. ಇದು ನಿನಗೆ ಇವತ್ತಿನವರೆಗೂ ಗೊತ್ತಿಲ್ಲ. ನಮ್ಮ ಮೇಲ್ವಿಚಾರಕಿಯೇ ಮಾತಾಡಿ ಬೇರೆ ಊರಿನ ತೋಟದಲ್ಲಿ ನನಗೆ ಕೆಲಸ ಗೊತ್ತುಮಾಡಿದ್ದರು. ಬ್ಯಾಗು ಚಳಿಕೋಣೆಯ ಪಾಚಿ ಬೆಂಚಿನ ಕೆಳಗಿತ್ತು. ಬಾಯ್ಲರಿನವನು ಆ ಚಳಿಗೆ ಕಾಲಿಡುತ್ತಿರಲಿಲ್ಲವಲ್ಲ. ಹೊರಡಬೇಕಿದ್ದ ದಿನ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬೆನ್ನು ತೋರಿಸಿ ದೂರು ಕೊಟ್ಟು ಬಂದಿದ್ದೆ. ಮಧ್ಯಾಹ್ನದ ಬಸ್ಸಿಗೆ ಹೋಗಿ, ಆ ಊರು ಮುಟ್ಟಿದ ಮೇಲೆ ನಿನಗೆ ಫೋನ್ ಮಾಡೋಣ ಅಂತಿದ್ದೆ. ಮೊದಲೇ ಹೇಳಿದ್ದರೆ ನೀನು ಅವನ ಮೇಲೆ ಏರಿಹೋಗುತ್ತೀಯ ಅಂತ ಹೆದರಿದ್ದೆ. ಹೇಳದೆ ಇದ್ದದ್ದಕ್ಕೂ ಅದೇ ಆಯಿತು.

ಅವತ್ತೇ ಹುಲ್ಲಿನ ಕೋಣೆಗೆ ಬೆಂಕಿ ಹಚ್ಚುವ ದಿನ. ವರ್ಷಕ್ಕೊಮ್ಮೆ ಸುಡದಿದ್ದರೆ ಆ ಬಯಲು ಹುಲ್ಲು ತನ್ನದೇ ಒಣ ಗರಿಯಡಿ ಕೊಳೆಯುತ್ತದೆ. ಅಲ್ಲಿಗೆ ಇಟ್ಟಿಗೆ ಗೋಡೆ, ಸರಿಯುವ ಚಾವಣಿ. ನೀನು ಎಷ್ಟು ನೇಮದಿಂದ ಮಾಡುತ್ತಿದ್ದೆ ಆ ಕೆಲಸ! ಮೊದಲು ಬಾಯ್ಲರಿನವನು ಒಳಗೆ ಹೋಗಿ ಮೂಲೆಯ ಗುಂಡಿಗಿಳಿದು ಹಬೆಯ ವಾಲ್ವು ಮುಚ್ಚಬೇಕು. ಹೋಗುವ ಮುಂಚೆ ತನ್ನ ಬೀಗದ ಕೈಗಳ ಗೊಂಚಲನ್ನು ಅಂಗಳದ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಕು, ಬಂದ ಮೇಲೆ ತೆಗೆದುಕೊಳ್ಳಬೇಕು. ಗೊಂಚಲು ಮೊಳೆಯಲ್ಲಿದ್ದರೆ ಒಳಗೆ ಮನುಷ್ಯ ಇದ್ದಾನೆ ಅಂತ ಲೆಕ್ಕ. ಆಗ ಕಡ್ಡಿ ಗೀರುವ ಹಾಗಿಲ್ಲ. ಮಳೆಕಾಡಿನ ಕಡೆಯ ಬಾಗಿಲಿಗೆ ಚಿಲಕ, ಅಂಗಳದ ಬಾಗಿಲು ಮಾತ್ರ ಯಾವತ್ತೂ ತೆರೆದೇ. ಅಲ್ಲಿ ನಾನು ಪೈಪು ಹಿಡಿದು ನಿಂತಿರಬೇಕು. ನೀನು ಗಾಳಿಗೆ ಎದುರಾಗಿ ಪಟ್ಟಿ ಪಟ್ಟಿಯಾಗಿ ಹಚ್ಚುತ್ತಿದ್ದೆ. ಉರಿ ಮೊಣಕಾಲಿನ ಮೇಲೆ ಏರುತ್ತಿರಲಿಲ್ಲ, ಸಾಕಿದ ದನದ ಹಾಗೆ ನಿಧಾನಕ್ಕೆ ಮೇಯುತ್ತಿತ್ತು.

ಅವತ್ತು ನೀನು ನನ್ನ ಕೈಯಿಂದ ಪೈಪು ಕಸಿದುಕೊಂಡು, "ಚಳಿಕೋಣೆ ಮೆಷಿನ್ ಯಾಕೋ ಸದ್ದು ಮಾಡ್ತಿದೆ, ಹೋಗಿ ನೋಡು" ಅಂದೆ. ಹೋದೆ. ಮೆಷಿನ್ ಚೆನ್ನಾಗಿಯೇ ಇತ್ತು. ಬ್ಯಾಗನ್ನು ಬೆಂಚಿನಡಿಯಿಂದ ಎಳೆಯುವಾಗ ಹೊಗೆಯ ವಾಸನೆ ಬಂತು, ಜೊತೆಗೆ ಹುಲ್ಲು ಗಾಳಿಯ ಬೆನ್ನು ಹತ್ತಿ ಉರಿಯುವಾಗಿನ ಆ ಭರ್ರೆನ್ನುವ ಸದ್ದು. ನೀನು ಎಂದೂ ಹಾಗೆ ಹಚ್ಚಿದವನಲ್ಲ.

ಅಂಗಳಕ್ಕೆ ಓಡಿಬಂದರೆ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿದ್ದಿದೆ. ನೀನು ಪಂಜು ಹಿಡಿದು ನಿಂತಿದ್ದೀಯ. ಒಳಗಿನಿಂದ ಅವನು ಬಾಗಿಲು ಬಡಿಯುತ್ತಿದ್ದಾನೆ. ಆ ಬಡಿತಕ್ಕೆ ಮೊಳೆಯಲ್ಲಿದ್ದ ಗೊಂಚಲು ಗಲಗಲ ಅಲುಗಾಡುತ್ತಿದೆ. ನೀನು ಅದನ್ನೇ ನೋಡುತ್ತಿದ್ದೆ.

"ಬಿಡು. ಬೇಯ್ಲಿ" ಅಂದೆ ನೀನು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಪ್ರೀತಿಯಿಂದ ಎಳೆದೆ ಅಂತ ತಿಳಿಯಬೇಡ, ಕರುಣೆಯೂ ಅಲ್ಲ. ಮದುವೆಯಾದ ಮೊದಲ ವರ್ಷ ಅವನು ನನ್ನನ್ನು ಬಾಯ್ಲರಿನ ಹಿಂದಿನ ಬೂದಿ ಕೋಣೆಗೆ ತಳ್ಳಿ ಬಾಗಿಲು ಹಾಕಿಕೊಂಡು ಹೋಗಿದ್ದ. ಬಡಿದೂ ಬಡಿದೂ ನನ್ನ ಅಂಗೈ ಸೀಳಿತ್ತು. ಮೊದಲು ಜೋರಾಗಿ, ಆಮೇಲೆ ಅಂಗೈ ಬಿಟ್ಟು ಮೊಣಕೈಯಲ್ಲಿ, ಕೊನೆಗೆ ಬರೀ ಬೆರಳಲ್ಲಿ. ಆಚೆ ಕಡೆ ಅವನು ನಿಂತು ಕೇಳುತ್ತಿದ್ದ, ಅವನ ನೆರಳು ಬಾಗಿಲಡಿ ಕಾಣುತ್ತಿತ್ತು. ಅವತ್ತು ಹುಲ್ಲಿನ ಕೋಣೆಯ ಒಳಗಿಂದ ಬಂದದ್ದು ಅದೇ ಬಡಿತ. ಜೋರಾಗಿದ್ದದ್ದು ಮೊಣಕೈಗಿಳಿದಿತ್ತು. ಆಚೆ ನಿಂತು ಅದನ್ನು ಕೇಳುವವಳು ನಾನಾಗಬಾರದು ಅಂತ ಅನ್ನಿಸಿತು, ಅಷ್ಟೆ. ಅವನು ನನ್ನಿಂದ ಏನೇನೋ ಕಿತ್ತುಕೊಂಡಿದ್ದಾನೆ. ಇದನ್ನೂ ಕೊಟ್ಟುಬಿಟ್ಟರೆ ನನ್ನ ಬಳಿ ಏನು ಉಳಿಯುತ್ತದೆ?

ಅಗುಳಿ ಕಾದು ಕೆಂಡವಾಗಿತ್ತು, ಸೆರಗು ಸುತ್ತಿ ಎಳೆದೆ. ಬಾಗಿಲು ತೆರೆದದ್ದೇ ಬೆಂಕಿ ಗಾಳಿ ಕುಡಿದು ಆಳೆತ್ತರ ಎದ್ದಿತು. ಅವನ ಅಂಗಿ ಬೆನ್ನಿಗಂಟಿ ಉರಿಯುತ್ತಿತ್ತು, ಕೂದಲು ಚಟಪಟ ಅನ್ನುತ್ತಿತ್ತು. ಕಾಲರು ಹಿಡಿದು ಎಳೆದರೆ ಕಾಲರೇ ಕೈಗೆ ಬಂತು. ಕಂಕುಳಿಗೆ ಕೈ ಹಾಕಿ ಎಳೆದೆ, ಅಲ್ಲಿಯ ಚರ್ಮ ನನ್ನ ಬೆರಳಿಗೆ ಜಾರಿ ಬಂತು. ಅದು ಈಗಲೂ ಬೆರಳಲ್ಲಿದೆ ಅನ್ನಿಸುತ್ತದೆ, ಎಷ್ಟು ತೊಳೆದರೂ. ನೀನು ಬಂದು ನನ್ನ ಜಡೆ ಹಿಡಿದೆಳೆದೆ ಅಣ್ಣಾ. "ಒಳಗೆ ಹಾಕು ಅವನನ್ನ, ಬಾಗಿಲು ಹಾಕು" ಅಂತ ಕಿರುಚುತ್ತ ಪಂಜಿನ ಹಿಡಿಯಿಂದ ಅವನ ಬಾಯಿಗೆ ಬಡಿದೆ, ಇನ್ನೊಂದು ಏಟು ನನ್ನ ಹೆಗಲಿಗೆ ಬಿತ್ತು. ನಾನು ನೀರಿನ ಪೈಪು ತೆಗೆದು ನಿನ್ನ ಎದೆಗೇ ಬಿಟ್ಟೆ. ನೀನು ಅಂಗಾತ ಬಿದ್ದೆ. ಬಿದ್ದವನು ಏಳಲಿಲ್ಲ, ಅಳತೊಡಗಿದೆ. ಆಗ ಪೈಪನ್ನು ಅವನ ಮೇಲೆ ತಿರುಗಿಸಿದೆ.

ಆಮೇಲೆ ನನ್ನ ಕೈ ತಾನಾಗಿ ಒಂದು ಕೆಲಸ ಮಾಡಿತು. ಮನುಷ್ಯ ಹೊರಗೆ ಬಂದನಲ್ಲ, ಮೊಳೆಯಿಂದ ಗೊಂಚಲು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಅಷ್ಟು ವರ್ಷದ ಅಭ್ಯಾಸ. ಪೊಲೀಸರು ಬಂದಾಗ ಮೊಳೆ ಖಾಲಿ. ಈಗ ನಿನ್ನ ವಕೀಲರ ವಾದವೆಲ್ಲ ಆ ಖಾಲಿ ಮೊಳೆಯ ಮೇಲೆ ನಿಂತಿದೆ: ಬಾಯ್ಲರಿನವನೇ ಗೊಂಚಲು ಹಾಕಲು ಮರೆತ, ಒಳಗೆ ಯಾರೂ ಇಲ್ಲ ಅಂತ ನಂಬಿ ಇವನು ಬೆಂಕಿ ಹಚ್ಚಿದ, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತೆ ಅಂತ ಅಗುಳಿ ಹಾಕಿದ. ಗೊಂಚಲು ಹಾಕಿದ್ದೆ ಅನ್ನುವ ಬಾಯ್ಲರಿನವನ ಮಾತಿಗೆ ಬೇರೆ ಸಾಕ್ಷಿಯಿಲ್ಲ. ಗೊಂಚಲು ನನ್ನ ಬಳಿ ಇರುವುದು ಅಮ್ಮನಿಗೆ ಮಾತ್ರ ಗೊತ್ತು. ದಿನಾ ಬಂದು ನನ್ನ ಕಾಲ ಬಳಿ ಕೂರುತ್ತಾಳೆ. "ಕೆರೆಗೆ ಎಸೆದುಬಿಡೇ. ನಿನಗೋಸ್ಕರ ತಾನೇ ಅವನು ಮಾಡಿದ್ದು?" ಅನ್ನುತ್ತಾಳೆ.

ನನಗೋಸ್ಕರ! ನೀನು ಹಚ್ಚಿದ ಬೆಂಕಿ ನನಗೆ ಏನು ಮಾಡಿತು ಅಂತ ಹೇಳುತ್ತೇನೆ. ಬಸ್ಸು ಹೋಯಿತು, ಆ ಕೆಲಸ ಬೇರೆಯವರಿಗೆ ಹೋಯಿತು. ದೂರು ಬರೆದುಕೊಂಡ ಇನ್ಸ್‌ಪೆಕ್ಟರು ಆಸ್ಪತ್ರೆಗೆ ಬಂದು, "ಅಮ್ಮಾ, ಅವರು ಸಾವು ಬದುಕಿನ ಮಧ್ಯೆ ಇದಾರೆ, ಈಗ ಇದನ್ನ ಮುಂದುವರಿಸೋದು ಚೆನ್ನಾಗಿರುತ್ತಾ?" ಅಂದರು. ಊರಿನವರೆಲ್ಲ ಹಣ್ಣು ಹಿಡಿದು ಅವನನ್ನು ನೋಡಲು ಬಂದರು, ಪಾಪ ಅಂದರು. ನನ್ನ ಬೆನ್ನಿನ ಕಲೆಗಳಿಗೆ ಯಾರೂ ಪಾಪ ಅಂದಿರಲಿಲ್ಲ. ಅವನು ಮಾಡಿದ್ದೆಲ್ಲ ಆ ಬೆಂಕಿಯಲ್ಲಿ ಸುಟ್ಟುಹೋಗಿ ಅವನು ಒಳ್ಳೆಯವನಾಗಿ ಹೊರಬಂದ. ಅವನ ಬುದ್ಧಿಯಾದರೂ ಸುಟ್ಟಿತೇ? ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬೆಂಕಿ ಹುಲ್ಲಿನ ಗರಿಯನ್ನಷ್ಟೇ ತಿನ್ನುತ್ತದೆ, ಬೇರು ನೆಲದಡಿ ತಣ್ಣಗಿರುತ್ತದೆ. ಕೈಯ ಬ್ಯಾಂಡೇಜು ಬಿಚ್ಚಿದ ದಿನವೇ ಗಂಜಿಯ ಬಟ್ಟಲನ್ನು ನನ್ನ ಮುಖಕ್ಕೆ ಎಸೆದ, ಹುಬ್ಬು ಒಡೆಯಿತು. ನಾನು ರಕ್ತ ಒರೆಸಿಕೊಂಡು, ನರ್ಸಮ್ಮನಿಗೆ ಹೇಳಿ, ಮೆಟ್ಟಿಲಿಳಿದು ಬಂದೆ. ಮತ್ತೆ ಹೋಗಲಿಲ್ಲ. ಈಗ ಮಾರ್ಕೆಟ್ಟಿನ ಹಿಂದೆ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಚಿಲಕ ಒಳಗಡೆ ಇದೆ.

ನಾಡಿದ್ದು ಗೊಂಚಲನ್ನು ನ್ಯಾಯಾಧೀಶರ ಮೇಜಿನ ಮೇಲೆ ಇಡುತ್ತೇನೆ. ಅದು ಮೊಳೆಯಲ್ಲಿತ್ತು, ನನ್ನಣ್ಣ ಅದನ್ನು ನೋಡುತ್ತಿದ್ದ ಅಂತ ಹೇಳುತ್ತೇನೆ. ಆಮೇಲೆ ತಿರುಗಿ ನಿಂತು ಬೆನ್ನಿನ ಕಲೆಗಳನ್ನು ತೋರಿಸುತ್ತೇನೆ, ಬೂದಿ ಕೋಣೆಯದನ್ನೂ ಕಳ್ಳಿಯದನ್ನೂ ಹುಬ್ಬಿನದನ್ನೂ ಹೇಳುತ್ತೇನೆ. ನಿನ್ನದನ್ನು ಮುಚ್ಚಿಟ್ಟು ಅವನದನ್ನು ಬಿಚ್ಚಿದರೆ ನನ್ನ ಮಾತನ್ನು ಯಾರು ನಂಬುತ್ತಾರೆ? ಎರಡೂ ಒಂದೇ ಬಾಯಿಂದ ಬರಬೇಕು. ನಿನಗೆ ವರ್ಷಗಟ್ಟಲೆ ಶಿಕ್ಷೆ ಆಗಬಹುದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನಗೆ ಈ ಲೋಕದಲ್ಲಿ ನಿನ್ನಷ್ಟು ಬೇಕಾದವರು ಇನ್ನೊಬ್ಬರಿಲ್ಲ. ಅದಕ್ಕೇ ಹೆದರಿಕೆ. ಅವತ್ತು ಅಂಗಳದಲ್ಲಿ ನನ್ನ ಜಡೆ ಹಿಡಿದೆಳೆದ ನಿನ್ನ ಮುಖದಲ್ಲಿ ನಾನು ಅವನನ್ನು ಕಂಡೆ. ಅದೇ ಹಲ್ಲು ಕಚ್ಚುವುದು, ಅದೇ ಖಾಲಿ ಕಣ್ಣು. ಒಬ್ಬನಿಂದ ತಪ್ಪಿಸಿಕೊಂಡು ಇನ್ನೊಬ್ಬನ ಕೈಗೆ ಬೀಳಲು ನನಗೆ ಇಷ್ಟವಿಲ್ಲ. ಮುಳ್ಳು ಕೀಳುತ್ತ ಕೂತಿದ್ದ ನನ್ನಣ್ಣ ನನಗೆ ವಾಪಸ್ ಬೇಕು, ಎಷ್ಟು ವರ್ಷ ಹಿಡಿದರೂ ಸರಿ. ಪಂಜು ಹಿಡಿದವನನ್ನು ಅಲ್ಲೇ ಬಿಟ್ಟು ಬಾ. ಬಂದ ದಿನ ನನ್ನ ಬಾಗಿಲು ತಟ್ಟು, ತೆಗೆಯುತ್ತೇನೆ.

ನಿನ್ನ ಕೈ ತಣ್ಣಗಿರಲಿ ಎಂದು ಹಾರೈಸುತ್ತ,

ನಿನ್ನ ವಿರುದ್ಧ ಸಾಕ್ಷಿ ಹೇಳಲಿರುವ,
ನಿನ್ನ ತಂಗಿ