ಗಾಲಿಯ ಗುರುತಿಲ್ಲದ ದಾರಿ

ವರ್ಮಾಂಟ್, ಏಪ್ರಿಲ್

ಅಕ್ಕಾ ರೋವೀನಾ,

ನೀನು ತೀರಿಕೊಂಡ ಮೇಲೂ ನಿನಗೆ ಊರ ಸುದ್ದಿ ಹೇಳುವ ಚಟ ನನಗೆ ಬಿಟ್ಟಿಲ್ಲ. ಇವತ್ತು ಊರಸಭೆಯಲ್ಲಿ ಕೆಟಲ್ ಗುಡ್ಡದ ಜಲ್ಲಿದಾರಿ ಮುಚ್ಚುವ ಮಾತು ಬಂತು. ಹೊಸದಾಗಿ ಅಲ್ಲಿ ಕಾಡು ಕೊಂಡಿರುವ ವಿಟಕರ್ ಎಂಬಾತನಿಗೆ ಅದಕ್ಕೆ ಗೇಟು ಹಾಕಬೇಕಂತೆ. ಎತ್ತಿನ ಗಾಡಿಗಳ ಕಾಲದಿಂದ ಊರಿಗೆಲ್ಲ ಸೇರಿದ, ಈಗ ನಾವೆಲ್ಲ ಸೈಕಲ್ ಓಡಿಸುವ ದಾರಿ ಅದು! ನನಗೆ ಮೈಯೆಲ್ಲ ಉರಿಯಿತು.

ಆತ ದಾರಿಯ ಒಂದು ಫೋಟೊ ಎತ್ತಿ ತೋರಿಸಿದ. "ನೋಡಿ, ಎಷ್ಟೋ ದಿನದಿಂದ ಒಂದು ಗಾಲಿಯ ಗುರುತೂ ಇಲ್ಲ. ಯಾರಿಗೂ ಬೇಡದ ದಾರಿ ಇದು."

ಸಭೆ ಗೊಳ್ಳೆಂದು ನಕ್ಕಿತು. ಬೇಕರಿಯ ಡಾರ್ಕಸ್ ಎದ್ದು ನಿಂತಳು. "ಅಯ್ಯೋ ಮಾರಾಯ, ಇದು ಹಿಮ ಕರಗಿ ಕೆಸರಾಗೋ ಕಾಲ. ಈಗ ಸೈಕಲ್ ಓಡಿಸಿದ್ರೆ ಗಾಲಿ ಜಾಡು ಬಿದ್ದು ವರ್ಷವಿಡೀ ಹಾಗೇ ಉಳಿಯತ್ತೆ. ಅದಕ್ಕೇ ಸೈಕಲ್ ಹತ್ತೋಕೆ ಕಾಲು ತುರಿಸ್ತಿದ್ರೂ ಎಲ್ರೂ ಮನೇಲಿ ಕೂತಿದ್ದೀವಿ. ನಿನ್ನ ಫೋಟೊದಲ್ಲಿರೋದು ನಮ್ಮ ಮರ್ಯಾದೆ ಕಣಯ್ಯ!"

ನಾನು ಬರೆದುಕೊಂಡು ಹೋಗಿದ್ದ ದಾರಿಯ ಚರಿತ್ರೆಯೆಲ್ಲ ಜೇಬಿನಲ್ಲೇ ಉಳಿಯಿತು. ಗೇಟು ಬೇಡವೆಂದು ಕೈಯೆತ್ತಿದವರಲ್ಲಿ ಸೈಕಲ್ ಹತ್ತಲಾರದ ಮುದುಕರೂ ಇದ್ದರು. ದಾರಿ ಉಳಿಯಿತು. ಎಂಥ ಜನ, ಅಕ್ಕಾ! ಕಾವಲುಗಾರನಿಲ್ಲ, ಬೋರ್ಡಿಲ್ಲ, ದಂಡವಿಲ್ಲ. ಆದರೂ ಆ ಕೆಸರಿನಲ್ಲಿ ಒಬ್ಬರೂ ಸೈಕಲ್ ತುಳಿದಿರಲಿಲ್ಲ.

ಮೇ ತಿಂಗಳಲ್ಲಿ ನೆಲ ಗಟ್ಟಿಯಾದ ಕೂಡಲೇ ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತೇನೆ. ಒಂದು ಕಾರೂ ಬಾರದ ಆ ಕಾಡಿನಲ್ಲಿ ಇಬ್ಬರು ಪಕ್ಕಪಕ್ಕದಲ್ಲೇ ಮಾತಾಡಿಕೊಂಡು ಗುಡ್ಡ ಹತ್ತಬಹುದು. ನಾನು ಈಗಲೂ ಬಲದ ಅಂಚಿನಲ್ಲೇ ಹೋಗುತ್ತೇನೆ. ಎಡಗಡೆ ನಿನ್ನ ಜಾಗ ಬಿಟ್ಟಿರುತ್ತೇನೆ.

ನಿನ್ನ ತಮ್ಮ,
ಎಲ್ಡನ್