ನಿನ್ನ ಭಾವನ ಇಂಗ್ಲಿಷು

ಮಿಂದೊ
ಆಗಸ್ಟ್ ೧೭, ಭಾನುವಾರ

ಪ್ರೀತಿಯ ತಮ್ಮ ಫೌಸ್ತೊನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹಕ್ಕಿ ನೋಡುವವರು ಸಾಲಾಗಿ ಬರುವ ಕಾಲ ಇದು. ನಸುಕಿನಲ್ಲೇ ಅವರನ್ನು ಕಾಡಿಗೆ ಕರೆದೊಯ್ದು, ಬಂದು ಅಡುಗೆ ಮಾಡಿ, ಅಮ್ಮನಿಗೆ ಸ್ನಾನ ಮಾಡಿಸುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ಬಿಸಿಲು ಬಿದ್ದರೆ ಅಂಗಳದಲ್ಲಿ ಕೂರುತ್ತಾಳೆ. ಚಿಕ್ಕಮ್ಮನ ಮಗಳು ಗ್ಲಾದಿಸ್ ನಾಳೆ ನಿನ್ನ ದ್ವೀಪಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಚೀಸು, ಬೆಲ್ಲ, ಈ ಕಾಗದ ಕಳಿಸುತ್ತಿದ್ದೇನೆ.

ದೋಣಿಯಲ್ಲಿ ಗೈಡ್ ಆಗಲೆಂದು ಇಂಗ್ಲಿಷ್ ತರಗತಿಗೆ ಸೇರಿದ್ದು ಕೇಳಿ ಹಿಗ್ಗಿದೆ. ಆದರೆ ಭಾವನ ಬಳಿ ಇರುವ ನುಡಿಗಟ್ಟುಗಳ ಪುಸ್ತಕ ಕಳಿಸು, ಬಾಯಿಪಾಠ ಮಾಡಿಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಕಳಿಸುತ್ತಿಲ್ಲ. ಏಕೆಂದು ಹೇಳುತ್ತೇನೆ.

ನಿನ್ನ ಭಾವ ಎಫ್ರಾಯಿನ್ ಜೀಪು ಓಡಿಸುತ್ತಲೇ ಆ ಭಾಷೆ ಕಲಿತವರು. ಅರ್ಧ ಆ ಹಳೆಯ ಪುಸ್ತಕದಿಂದ, ಇನ್ನರ್ಧ ಬೆನ್ನಿಗೆ ಚೀಲ ಹೊತ್ತು ಬರುವ ವಿದೇಶಿ ಹುಡುಗ ಹುಡುಗಿಯರ ಬಾಯಿಂದ. ಹಾಗಾಗಿ ಅವರ ಇಂಗ್ಲಿಷು ಒಂದು ಕ್ಷಣ ಮುತ್ತಾತನದು, ಮರುಕ್ಷಣ ಮೊಮ್ಮಗನದು. ಜೂನ್ ತಿಂಗಳಲ್ಲಿ ಆರ್ಥರ್, ವಿನಿಫ್ರೆಡ್ ಎಂಬ ವಯಸ್ಸಾದ ಇಂಗ್ಲಿಷ್ ದಂಪತಿ ಬಂದಿದ್ದರು. ಆಕೆಯ ಹುಲ್ಲಿನ ಟೋಪಿ ಬಲು ಚೆನ್ನಾಗಿತ್ತು. ಈಗಿನ ಹುಡುಗರು ಚೆನ್ನಾಗಿರುವುದಕ್ಕೆಲ್ಲ ಇಂಗ್ಲಿಷಿನಲ್ಲಿ ‘ಸಿಕ್’, ಅಂದರೆ ‘ರೋಗ ಬಂದಿದೆ’ ಎನ್ನುತ್ತಾರಂತೆ. ನಿನ್ನ ಭಾವ ತಿಂಡಿಯ ಹೊತ್ತಿಗೆ ಆಕೆಯ ಮುಂದೆ ನಿಂತು, ನಿಮ್ಮ ಟೋಪಿಗೆ ರೋಗ ಬಂದಿದೆ ಎಂದರು. ಆಕೆ ಟೋಪಿ ತೆಗೆದು ಒಳಗೆ ಹುಳ ಇದೆಯೇನೋ ಎಂದು ಹುಡುಕಿದರು. ಅರ್ಥವಾದ ಮೇಲೆ ಮೇಜು ಹಿಡಿದುಕೊಂಡು ನಕ್ಕರು. ಅಂಥ ಹೆಂಗಸು.

ಮರುದಿನ ಬೆಳಗಿನ ಜಾವ ಬಂಡೆಹುಂಜ ಹಕ್ಕಿಗಳ ಕುಣಿತ ನೋಡಲು ಹೋದೆವು. ಕೆಂಪು ಹುಂಜಗಳು ಕೊಂಬೆಯ ಮೇಲೆ ಜಿಗಿದಾಡುವುದನ್ನು ಆಕೆ ಕಣ್ತುಂಬ ನೋಡಿದರು. ಇಳಿಯುವ ದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ನಾನು ಉಳಿದ ಅತಿಥಿಗಳ ಜೊತೆ ನಿಂತೆ. ನಿನ್ನ ಭಾವ ಅವರಿಬ್ಬರನ್ನೂ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸಿದರು. ಪ್ರಯೋಜನವಾಗಲಿಲ್ಲ. ಡಾಕ್ಟರಮ್ಮನಿಗೆ ಇಂಗ್ಲಿಷ್ ಬಾರದು. ಹೊರಗೆ ಬೆಂಚಿನ ಮೇಲಿದ್ದ ಆ ಮನುಷ್ಯನಿಗೆ ನೀವೇ ತಿಳಿಸಿ ಎಂದು ನಿನ್ನ ಭಾವನಿಗೆ ಹೇಳಿ ಒಳಗೆ ಹೋದರಂತೆ.

‘ಸತ್ತರು’ ಎಂಬ ಮಾತು ನಿನ್ನ ಭಾವನಿಗೆ ಬರುತ್ತಿತ್ತು. ಆದರೆ ಅಷ್ಟು ಬೋಳುಬೋಳಾಗಿ ಹೇಗೆ ಹೇಳುವುದು ಎಂದು ನಾಲಿಗೆ ಹಿಂಜರಿಯಿತಂತೆ. ಪುಸ್ತಕದಲ್ಲಿ ಸಾವಿಗೆ ಇಂಗ್ಲಿಷರೇ ಬಳಸುವ ಒಂದು ಮಾತಿತ್ತು. ಅದು ಮರ್ಯಾದೆಯ ಮಾತೇ ಇರಬೇಕೆಂದುಕೊಂಡು, ಕೈ ಎದೆಗಿಟ್ಟು, ತಲೆ ಬಾಗಿಸಿ, “ಸ್ವಾಮಿ, ನಿಮ್ಮ ಹೆಂಡತಿ ಬಕೆಟ್ ಒದ್ದರು” ಎಂದರಂತೆ.

ಸಂಜೆ ಮನೆಗೆ ಬಂದು ಹೀಗಂದೆ ಎಂದಾಗ ಅವರನ್ನು ಒಲೆಯ ಪಕ್ಕ ಕೂರಿಸಿಕೊಂಡೆ. ಹೆಂಡದಂಗಡಿಯಲ್ಲಿ ಯಾರೋ ಸತ್ತ ಸುದ್ದಿ ಬಂದರೆ ‘ಕಾಲು ಚಾಚಿದ’ ಎಂದು ಗಹಗಹಿಸುತ್ತಾರಲ್ಲ, ಅದೂ ಅಂಥ ಮಾತೇ. ಅದನ್ನು ವಿವರಿಸಿದೆ. ನಿನ್ನ ಭಾವ ಆ ರಾತ್ರಿ ಊಟ ಮುಟ್ಟಲಿಲ್ಲ. ಮುಂದೆ ಎಷ್ಟೋ ದಿನ ಅತಿಥಿಗಳ ಎದುರು ಬಾಯಿ ತೆರೆಯಲಿಲ್ಲ. ಹಕ್ಕಿ ಕಂಡರೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದರು.

ಆರ್ಥರ್ ಮಾತ್ರ ಆಸ್ಪತ್ರೆಯಲ್ಲಿ ಆ ಮಾತು ಕೇಳಿದಾಗ ಸಿಟ್ಟಾಗಲಿಲ್ಲವಂತೆ. ಇನ್ನೊಮ್ಮೆ ಹೇಳು, ನಿನಗೆ ಬರುವ ಮಾತಿನಲ್ಲಿ ಹೇಳು ಎಂದರಂತೆ. ಭಾವ, “ಅವರು ಸತ್ತೋದರು. ನನಗೆ ತುಂಬ ಸಂಕಟ ಆಗ್ತಿದೆ” ಎಂದರು. ಮುದುಕ ಅವರ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲವಂತೆ.

ಸಾವಿನ ಕಾಗದಪತ್ರ ಆಗುವವರೆಗೂ ಆರ್ಥರ್ ನಮ್ಮಲ್ಲೇ ಇದ್ದರು. ಹೊರಡುವ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಾರು ಉಣ್ಣುತ್ತ ಕೂತಿದ್ದಾಗ ನಾನೇ ಕ್ಷಮೆ ಕೇಳಿದೆ. ಅವರು ಚಮಚ ಕೆಳಗಿಟ್ಟರು.

“ಊರಿಂದ ಫೋನ್ ಮಾಡಿದೋರೆಲ್ಲ ನಮ್ಮ ಭಾಷೇಲೇ ಹುಟ್ಟಿದೋರಮ್ಮ. ಒಬ್ಬರು ‘ಒಳ್ಳೇ ಜಾಗಕ್ಕೆ ಹೋದಳು’ ಅಂದರು, ಒಬ್ಬರು ‘ನಮ್ಮನ್ನ ಅಗಲಿದಳು’ ಅಂದರು. ಸತ್ತಳು ಅಂದಿದ್ದು ನಿನ್ನ ಗಂಡ ಒಬ್ಬನೇ. ಅದನ್ನ ಕೇಳಿದ ಮೇಲೇನೇ ನನಗೆ ಅಳು ಬಂದಿದ್ದು.”

ಭಾವ ಆ ದಿನ ಮತ್ತೆ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರು. ಇನ್ನೂ ಸ್ವಲ್ಪ ಸಾರು ಬೇಕೇ ಎಂದು ಕೇಳಿದರು, ಅಷ್ಟೇ.

ಫೌಸ್ತೊ, ನುಡಿಗಟ್ಟು ಕಲಿಯಬೇಡ ಎನ್ನುತ್ತಿಲ್ಲ. ಕಿವಿಗೆ ಎಲ್ಲವೂ ಬೇಕು, ಇಲ್ಲದಿದ್ದರೆ ದೋಣಿಯಲ್ಲಿ ಅವರು ನಗುವಾಗ ನೀನು ಕಂಬದ ಹಾಗೆ ನಿಂತಿರುತ್ತೀಯ. ಬಾಯಿಗೆ ಮಾತ್ರ ಅವಸರ ಬೇಡ. ಒಂದು ಮಾತನ್ನು ಯಾರು ಯಾರಿಗೆ ಹೇಳುತ್ತಾರೆ, ಹೇಳುವಾಗ ಮುಖ ಹೇಗಿರುತ್ತದೆ, ನೋಡಿಕೋ. ನಿನ್ನ ವಯಸ್ಸಿನವರು, ನಿನ್ನಂಥ ಕೆಲಸದವರು ಆಡಿದ್ದು ಕೇಳಿದ ಮೇಲೆ ನೀನೂ ಆಡು. ಹುಡುಗರ ಹೊಸ ಮಾತು ನೀನು ಕಲಿಯುವಷ್ಟರಲ್ಲಿ ಅವರಿಗೇ ಹಳಸಿರುತ್ತದೆ. ಸಂತೋಷ, ಸಾವು, ಅಪಾಯ ಇವುಗಳ ಮುಂದೆ ಬರಿಯ ಮಾತೇ ಸಾಕು. ಅಲೆ ಎದ್ದಾಗ ‘ಕೂತ್ಕೊಳ್ಳಿ’ ಎಂದರೆ ಯಾರೂ ನಗುವುದಿಲ್ಲ.

ಸಮುದ್ರದಲ್ಲಿ ಜಾಗ್ರತೆ. ಕಿಂಚೆಯ ದೇವಮಾತೆ ನಿನ್ನ ದೋಣಿಯನ್ನೂ ನಿನ್ನನ್ನೂ ಕಾಯಲಿ. ಭಾವನೂ ಆಶೀರ್ವಾದ ತಿಳಿಸಿದ್ದಾರೆ.

ಇತಿ ನಿನ್ನ ಅಕ್ಕ,
ಸೊಯ್ಲಾ

ತಾ.ಕ.: ಅಮ್ಮನಿಗೆ ಸ್ವಲ್ಪ ಮರೆವು ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ. ನಿನ್ನೆ ತಲೆ ಬಾಚುತ್ತಿದ್ದಾಗ, “ನೀವು ಒಳ್ಳೆಯವರು ತಾಯಿ. ಕತ್ತಲಾಯ್ತು, ನಿಮ್ಮನೇಲಿ ಕಾಯ್ತಿರ್ತಾರೆ, ಹೊರಡಿ” ಎಂದಳು. ನಿನ್ನ ಹೆಸರೊಂದು ಉಳಿದಿದೆ. ಫೌಸ್ತೊ ಊಟ ಮಾಡಿದನೇ ಎಂದು ದಿನವೂ ನನ್ನನ್ನು ಕೇಳುತ್ತಾಳೆ. ಮಾಡಿದ ಎನ್ನುತ್ತೇನೆ. ಬೇಗ ಬಾ.